ಅತ್ತೆ ನನ್ನನ್ನೇ ಕಳ್ಳಿ ಅಂತಾರೆ, ಇದು ಡಿಮೆನ್ಶಿಯಾದ ಕೊನೆ ಹಂತವೇ?

ಪ್ರಶ್ನೆ: ಡಾಕ್ಟ್ರೇ, ನಾವು ಶಿವಮೊಗ್ಗದಲ್ಲಿದ್ದೇವೆ. ನನ್ನ ಅತ್ತೆಗೆ 76 ವರ್ಷ. ಸಾಗರದ ಹತ್ತಿರದ ಹಳ್ಳಿಯಲ್ಲಿ ದನ-ಕರು, ತೋಟ ನೋಡಿಕೊಂಡು ಇದ್ದವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಇದ್ದಾರೆ. ನಾಲ್ಕು ವರ್ಷದಿಂದ ಮರೆವು. ಆಲ್‌ಝೈಮರ್ ಕಾಯಿಲೆ ಅಂತ ಹೇಳಿ ಡೊನೆಪೆಜಿಲ್ ಮಾತ್ರೆ ಕೊಟ್ಟಿದ್ದಾರೆ. ಐದು ತಿಂಗಳ ಹಿಂದೆ ಅದನ್ನು 5ರಿಂದ 10 ಮಿಲಿಗ್ರಾಂ ಮಾಡಿದರು. ಆಮೇಲೆ ಪದೇ ಪದೇ ಮೂತ್ರಕ್ಕೆ ಹೋಗುವುದು ಶುರುವಾಯಿತು. ಬೇರೆ ಡಾಕ್ಟರ್ ಎರಡು ತಿಂಗಳ ಹಿಂದೆ ಅದಕ್ಕೆ ಆಕ್ಸಿಬ್ಯುಟಿನಿನ್ ಅನ್ನುವ ಮಾತ್ರೆ ಕೊಟ್ಟರು.

ಒಂದು ವರ್ಷದಿಂದ ನನ್ನನ್ನು ಕಳ್ಳಿ ಅಂತಾರೆ. ತಮ್ಮ ಎರಡೆಳೆ ಸರ ನಾನು ತೆಗೆದುಕೊಂಡೆ ಅಂತ ಅಕ್ಕಪಕ್ಕದವರಿಗೂ ಹೇಳ್ತಾರೆ. ಸಂಜೆ ಐದೂವರೆ ಆದರೆ ಸಾಕು, ಟವೆಲ್‌ನಲ್ಲಿ ನಾಲ್ಕು ಬಟ್ಟೆ ಗಂಟು ಕಟ್ಟಿಕೊಂಡು "ಹಾಲು ಕರೆಯೋ ಹೊತ್ತಾಯ್ತು, ಮನೆಗೆ ಹೋಗ್ತೀನಿ" ಅಂತ ಬಾಗಿಲ ಹತ್ತಿರ ನಿಲ್ತಾರೆ. ಕನ್ನಡಿಯಲ್ಲಿ ಕಾಣುವ ತಮ್ಮನ್ನೇ ಯಾರೋ ಅಜ್ಜಿ ಅಂದುಕೊಂಡು ಮಾತಾಡಿಸ್ತಾರೆ. ಒಂದು ತಿಂಗಳಿಂದ ಎಲ್ಲ ಇದ್ದಕ್ಕಿದ್ದಂತೆ ಜಾಸ್ತಿಯಾಗಿದೆ. ರಾತ್ರಿ ಮಂಚದ ಕೆಳಗೆ ಮಕ್ಕಳು ಕೂತಿದ್ದಾರೆ ಅಂತಾರೆ. ಸ್ನಾನಕ್ಕೆ ಕರೆದರೆ ಹೊಡೀತಾರೆ. ಅದಕ್ಕೆ ಮೂರು ವಾರದ ಹಿಂದೆ ರಿಸ್ಪೆರಿಡೋನ್ 1 ಮಿಲಿಗ್ರಾಂ ದಿನಕ್ಕೆ ಎರಡು ಸಲ ಶುರು ಮಾಡಿದರು. ಈಗ ಹಗಲೆಲ್ಲ ತೂಕಡಿಕೆ, ಬಾಯಲ್ಲಿ ಜೊಲ್ಲು, ಕಾಲು ಎಳೆದು ನಡೀತಾರೆ. ಹೋದ ವಾರ ಬಿದ್ದರು.

ಇದು ಕೊನೆ ಹಂತವೇ? ಮಾತ್ರೆ ನಿಲ್ಲಿಸಲೇ? ನನ್ನ ಮೇಲೆ ಬೇಕಂತಲೇ ಹೀಗೆ ಮಾಡ್ತಿದ್ದಾರಾ? ನಾದಿನಿ ಫೋನ್ ಮಾಡಿದಾಗ ಚೆನ್ನಾಗೇ ಮಾತಾಡ್ತಾರೆ. ಅದಕ್ಕೆ ನಾದಿನಿಗೆ ನನ್ನ ಮೇಲೇ ಅನುಮಾನ. ಊರಿನವರು ಯಾರೋ ಮಾಟ ಮಾಡಿಸಿರಬೇಕು ಅಂತಿದ್ದಾರೆ.

ಉತ್ತರ: ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಆದರೆ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ನೀವು ಪ್ರಶ್ನೆ ಮಾಡದೆ ಹಾಗೇ ಹೇಳಿಬಿಟ್ಟ ಎರಡು ಮಾತಿನ ಮೇಲೆ. "ಒಂದು ತಿಂಗಳಿಂದ ಇದ್ದಕ್ಕಿದ್ದಂತೆ ಜಾಸ್ತಿಯಾಗಿದೆ." "ಹೋದ ವಾರ ಬಿದ್ದರು." ಹಂತದ ವಿಷಯ ಆಮೇಲೆ ನೋಡೋಣ. ಮೊದಲು ಇದನ್ನು ಮುಗಿಸೋಣ, ಯಾಕೆಂದರೆ ಇದು ಕಾಯುವ ವಿಷಯ ಅಲ್ಲ.

ಆಲ್‌ಝೈಮರ್ ನಿಧಾನದ ಕಾಯಿಲೆ. ನೆನಪು, ಯೋಚನೆ, ನಡವಳಿಕೆ ಕುಂದುತ್ತಾ ಹೋಗುವ ಡಿಮೆನ್ಶಿಯಾದಲ್ಲಿ ಇದೂ ಒಂದು ಬಗೆ. ಹೋದ ದೀಪಾವಳಿಗೂ ಈ ದೀಪಾವಳಿಗೂ ಹೋಲಿಸಿದರೆ ವ್ಯತ್ಯಾಸ ಕಾಣುತ್ತದೆ. ಹೋದ ಸೋಮವಾರಕ್ಕೂ ಈ ಸೋಮವಾರಕ್ಕೂ ಕಾಣುವುದಿಲ್ಲ. ಕೆಲವೇ ದಿನ ಅಥವಾ ವಾರದಲ್ಲಿ ಮನುಷ್ಯ ಬೇರೆಯೇ ಆಗಿಬಿಟ್ಟರೆ, ಅದರ ಮೇಲೆ ಇನ್ನೇನೋ ಬಂದು ಸೇರಿದೆ ಅಂತ ಅರ್ಥ. ಮೂತ್ರದ ಸೋಂಕು, ಮಲಬದ್ಧತೆ, ಮೂತ್ರ ಕಟ್ಟಿಕೊಳ್ಳುವುದು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಸಕ್ಕರೆಯ ಏರುಪೇರು, ನ್ಯುಮೋನಿಯಾ, ಎಲ್ಲೋ ಇರುವ ನೋವು, ಹೊಸದಾಗಿ ಸೇರಿದ ಮಾತ್ರೆ. ಇಂಥ ಕಾರಣಕ್ಕೆ ತಲೆ ಗೊಂದಲವಾಗುವುದನ್ನು ನಾವು ಡೆಲಿರಿಯಂ ಅನ್ನುತ್ತೇವೆ. ಕಾರಣ ಹಿಡಿದು ಸರಿ ಮಾಡಿದರೆ ಇದರಲ್ಲಿ ಬಹುಪಾಲು ವಾಪಸ್ ಬರುತ್ತದೆ. ಡಿಮೆನ್ಶಿಯಾ ಇದೆ ಅಂತ ಒಮ್ಮೆ ಫೈಲಿನ ಮೇಲೆ ಬರೆದ ಮೇಲೆ ಇದನ್ನೇ ಎಲ್ಲರೂ ಮರೆಯುವುದು. ಮನೆಯವರೂ ಮರೀತಾರೆ, ಡಾಕ್ಟರುಗಳೂ ಮರೀತಾರೆ. ಏನಾದರೂ "ಕಾಯಿಲೆ ಜಾಸ್ತಿ ಆಯ್ತು" ಅಂತ ಕೈಬಿಡ್ತಾರೆ.

ಈಗ ನಿಮ್ಮ ಅತ್ತೆಯ ಮಾತ್ರೆಗಳ ಕಥೆಯನ್ನು ತಾರೀಕಿನ ಪ್ರಕಾರ ಓದಿ ನೋಡಿ. ಡೊನೆಪೆಜಿಲ್ ಜಾಸ್ತಿ ಮಾಡಿದರು. ಮೂತ್ರದ ಆತುರ ಶುರುವಾಯಿತು. ಆ ಮಾತ್ರೆ ಕೆಲವರಲ್ಲಿ ಮೂತ್ರಕೋಶವನ್ನು ಚುರುಕು ಮಾಡುತ್ತದೆ, ಇದು ಗೊತ್ತಿರುವ ಅಡ್ಡಪರಿಣಾಮ. ಅದಕ್ಕೆ ಆಕ್ಸಿಬ್ಯುಟಿನಿನ್ ಬಂತು. ಡೊನೆಪೆಜಿಲ್ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕವನ್ನು ಉಳಿಸುತ್ತದೆ. ಆಕ್ಸಿಬ್ಯುಟಿನಿನ್ ಅದೇ ರಾಸಾಯನಿಕದ ಕೆಲಸವನ್ನು ತಡೆಯುತ್ತದೆ. ಅಂದರೆ ಒಂದು ಮಾತ್ರೆ ಕಟ್ಟಿದ್ದನ್ನು ಇನ್ನೊಂದು ಕೆಡವುತ್ತಿದೆ. ಆಕ್ಸಿಬ್ಯುಟಿನಿನ್‌ನಿಂದ ಗೊಂದಲ ಹೆಚ್ಚುತ್ತದೆ, ಇಲ್ಲದವರು ಕಾಣಿಸಬಹುದು, ಮಲ ಕಟ್ಟುತ್ತದೆ, ಕೆಲವರಿಗೆ ಮೂತ್ರವೂ ಕಟ್ಟಿಕೊಳ್ಳುತ್ತದೆ. ಹೊಟ್ಟೆ ಬಿಗಿದು ನೋಯುತ್ತಿರುವವರನ್ನು, ಅದನ್ನು ಬಾಯಿ ಬಿಟ್ಟು ಹೇಳಲು ಬಾರದವರನ್ನು, ಸ್ನಾನಕ್ಕೆ ಎಬ್ಬಿಸಿದರೆ ಕೈ ಎತ್ತುತ್ತಾರೆ. ಕೈ ಎತ್ತಿದ್ದಕ್ಕೆ ಮೂರನೇ ಮಾತ್ರೆ ಬಂತು, ರಿಸ್ಪೆರಿಡೋನ್. ಅದರಿಂದ ಬಿಗಿತ, ಜೊಲ್ಲು, ತೂಕಡಿಕೆ, ಬೀಳುವುದು.

ನಾನು ಅತ್ತೆಯನ್ನು ನೋಡಿಲ್ಲ, ಹಾಗಾಗಿ ಇದೇ ಅಂತ ಆಣೆ ಮಾಡಿ ಹೇಳಲಾರೆ. ಆದರೆ ತಾರೀಕುಗಳು ಒಂದರ ಹಿಂದೆ ಒಂದು ಹೀಗೆ ಕೂತಾಗ ಮೊದಲ ಅನುಮಾನ ಮಾತ್ರೆಗಳ ಮೇಲೇ ಹೋಗಬೇಕು. ಯಾರನ್ನೂ ದೂರಿ ಪ್ರಯೋಜನವಿಲ್ಲ. ಮೂರು ಕಡೆ ತೋರಿಸಿದಾಗ ಮೂವರಿಗೂ ಪೂರ್ತಿ ಚಿತ್ರ ಸಿಗದೆ ಹೀಗಾಗುವುದು ತುಂಬಾ ಸಾಮಾನ್ಯ.

ಹಾಗಾದರೆ ಮಾತ್ರೆ ನಿಲ್ಲಿಸಲೇ ಅಂತ ಕೇಳಿದ್ದೀರಿ. ನೀವಾಗಿ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಬೇಡಿ. ಡೊನೆಪೆಜಿಲ್ ಥಟ್ಟನೆ ಬಿಟ್ಟರೆ ಕೆಲವರಲ್ಲಿ ಗೊಂದಲ, ಗಲಾಟೆ ಇನ್ನೂ ಏರುತ್ತದೆ. ರಿಸ್ಪೆರಿಡೋನ್ ಬರೆದ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ "ಜೊಲ್ಲು ಸುರೀತಿದೆ, ಕಾಲು ಎಳೀತಾರೆ, ಹಗಲೆಲ್ಲ ನಿದ್ದೆ, ಬಿದ್ದಿದ್ದಾರೆ" ಅಂತ ಇದೇ ಮಾತಿನಲ್ಲಿ ಹೇಳಿ. ಮುಂದಿನ ಡೋಸಿನ ಬಗ್ಗೆ ಅವರು ಹೇಳಲಿ. ಈ ವಯಸ್ಸಿನಲ್ಲಿ, ಡಿಮೆನ್ಶಿಯಾ ಇರುವವರಿಗೆ, ನಾವು ಸಾಮಾನ್ಯವಾಗಿ ಕಾಲು ಮಿಲಿಗ್ರಾಂನಿಂದ ಶುರು ಮಾಡುತ್ತೇವೆ. ದಿನಕ್ಕೆ ಒಟ್ಟು 1 ಮಿಲಿಗ್ರಾಂ ದಾಟುವುದು ಅಪರೂಪ. ಅತ್ತೆಗೆ ದಿನಕ್ಕೆ 2 ಹೋಗುತ್ತಿದೆ. ಇನ್ನೊಂದು ಕೆಲಸ ಮಾಡಿ. ಸ್ಟ್ರಿಪ್ ತಿರುಗಿಸಿ ಸಣ್ಣಕ್ಷರ ಓದಿ. ನಮ್ಮಲ್ಲಿ ರಿಸ್ಪೆರಿಡೋನ್ ಜೊತೆ ಟ್ರೈಹೆಕ್ಸಿಫೆನಿಡಿಲ್ ಸೇರಿಸಿದ ಮಾತ್ರೆಗಳು ಅಂಗಡಿಯಲ್ಲಿ ಧಾರಾಳವಾಗಿ ಸಿಗುತ್ತವೆ. ಬಿಗಿತ ತಡೆಯಲಿ ಅಂತ ಅದನ್ನು ಸೇರಿಸಿರುತ್ತಾರೆ. ಆದರೆ ಅದೂ ಆಕ್ಸಿಬ್ಯುಟಿನಿನ್ ಜಾತಿಯದೇ, ಮರೆವು-ಗೊಂದಲ ಹೆಚ್ಚಿಸುತ್ತದೆ. ನೆಗಡಿಗೆ ಕೊಡುವ ಕ್ಲೋರ್‌ಫೆನಿರಮಿನ್, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಇದೇ ಸಾಲಿಗೆ ಸೇರುತ್ತವೆ.

ಭೇಟಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆ, ಸಿರಪ್, ಆಯುರ್ವೇದದ ಪುಡಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಚೀಟಿ ಸಾಲದು. ಮೂತ್ರ ಪರೀಕ್ಷೆ, ಸೋಡಿಯಂ, ಸಕ್ಕರೆ, ಕಿಡ್ನಿ, ಥೈರಾಯ್ಡ್, ಬಿ12 ನೋಡಿಸಿ. ಹೊಟ್ಟೆ ಮುಟ್ಟಿ ಮೂತ್ರ ಕಟ್ಟಿದೆಯಾ ನೋಡಲು ಹೇಳಿ. ಬಿದ್ದಾಗ ತಲೆಗೆ ಪೆಟ್ಟಾಯಿತೋ ಇಲ್ಲವೋ ಗೊತ್ತಿಲ್ಲದಿದ್ದರೆ ಅದನ್ನೂ ಹೇಳಿ. ವಯಸ್ಸಾದವರಲ್ಲಿ ತಲೆಬುರುಡೆಯ ಒಳಗೆ ನಿಧಾನವಾಗಿ ರಕ್ತ ಸೇರಿ, ವಾರಗಳ ಮೇಲೆ ಮಂಪರು ಕಾಣಿಸಿಕೊಳ್ಳಬಹುದು. ಅನುಮಾನ ಇದ್ದರೆ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ಜ್ವರದ ಜೊತೆ ಮೈ ಮರದ ಹಾಗೆ ಬಿಗಿದರೆ, ಎಬ್ಬಿಸಿದರೂ ಎಚ್ಚರವಾಗದಿದ್ದರೆ, ನೀರೂ ನುಂಗದಿದ್ದರೆ, ಭೇಟಿಯ ದಿನದವರೆಗೆ ಕಾಯಬೇಡಿ. ರಾತ್ರಿಯಾದರೂ ಸರಿ, ತುರ್ತು ಚಿಕಿತ್ಸೆಗೆ ಹೋಗಿ. ನಿಮ್ಮೂರಿನ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವೂ ಇದೆ, ಮೆಡಿಸಿನ್ ವಿಭಾಗವೂ ಇದೆ. ಎಲ್ಲವನ್ನೂ ಒಂದೇ ಕಡೆ ನೋಡಿಸಲು ಅನುಕೂಲ.

ಆ ಮಕ್ಕಳ ವಿಷಯ. ಮಂಚದ ಕೆಳಗೆ ಮಕ್ಕಳು ಕಾಣುವುದು ಆಕ್ಸಿಬ್ಯುಟಿನಿನ್ ಶುರುವಾದ ಮೇಲೆ ಬಂದಿದ್ದರೆ ಅದು ಹೋಗುವ ಸಾಧ್ಯತೆ ಹೆಚ್ಚು. ಆದರೆ ಚೆನ್ನಾಗಿ ನೆನಪು ಮಾಡಿಕೊಳ್ಳಿ. ಮೊದಲ ಒಂದೆರಡು ವರ್ಷದಲ್ಲೇ ಬೆಕ್ಕು, ಮಕ್ಕಳು, ಯಾರೋ ನೆಂಟರು ಕಾಣುತ್ತಿದ್ದರಾ? ಒಂದು ದಿನ ಪೂರ್ತಿ ಹುಷಾರು, ಮರುದಿನ ಪೂರ್ತಿ ಮಂಕು, ಹೀಗೆ ಇತ್ತಾ? ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುತ್ತಿದ್ದರಾ? ರಿಸ್ಪೆರಿಡೋನ್‌ಗೆ ಮುಂಚೆಯೇ ನಡಿಗೆ ನಿಧಾನವಾಗಿತ್ತಾ? ಇವಕ್ಕೆ ಹೌದು ಅಂತಾದರೆ ಇದು ಲೂಯಿ ಬಾಡಿ ಡಿಮೆನ್ಶಿಯಾ ಅನ್ನುವ ಇನ್ನೊಂದು ಬಗೆ ಇರಬಹುದು. ಅದರಲ್ಲಿ ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್ ಥರದ ಔಷಧಿ ಸಣ್ಣ ಪ್ರಮಾಣದಲ್ಲೂ ಮೈಯನ್ನು ಬಿಗಿದು ಮಲಗಿಸಿಬಿಡುತ್ತದೆ, ಜೀವಕ್ಕೂ ಅಪಾಯ. ಅದಕ್ಕೇ ಈ ಪ್ರಶ್ನೆಗಳ ಉತ್ತರ ಡಾಕ್ಟರಿಗೆ ಬೇಕೇ ಬೇಕು.

ಇನ್ನು ಹಂತದ ಮಾತು. ಇಲ್ಲ, ಇದು ಕೊನೆ ಹಂತ ಅಲ್ಲ. ಬಟ್ಟೆ ಗಂಟು ಕಟ್ಟಿ, ಬಾಗಿಲವರೆಗೆ ನಡೆದು, ಪಕ್ಕದ ಮನೆಯವರಿಗೆ ನಿಮ್ಮ ಮೇಲೆ ದೂರು ಹೇಳುವವರು ಕೊನೆ ಹಂತದಲ್ಲಿ ಇರುವುದಿಲ್ಲ. ಇದು ನಡುವಿನ ಹಂತ. ಮನೆಯವರು ಹೆಚ್ಚು ಸುಸ್ತಾಗುವುದು ಈ ಹಂತದಲ್ಲೇ, ಯಾಕೆಂದರೆ ಕಾಲಲ್ಲಿ ಶಕ್ತಿ ಇದೆ, ತಲೆಯಲ್ಲಿ ದಾರಿ ಇಲ್ಲ.

ಮೊದಲ ಹಂತದಲ್ಲಿ ಗಲಾಟೆ ಕಡಿಮೆ. ಯಾವುದರಲ್ಲೂ ಆಸಕ್ತಿ ಇಲ್ಲದೆ ಕೂರುವುದು, ಬೇಜಾರು, ಭಯ, ಸಣ್ಣ ಮಾತಿಗೆ ರೇಗುವುದು. ತಮಗೆ ಏನೋ ಆಗುತ್ತಿದೆ ಅಂತ ಅವರಿಗೇ ಅರ್ಧ ಗೊತ್ತಿರುತ್ತದೆ. ನಡುವಿನ ಹಂತದಲ್ಲಿ ಅನುಮಾನ, ಇಲ್ಲದ್ದು ಕಾಣುವುದು, ಸಂಜೆಯ ಚಡಪಡಿಕೆ, ಹೊರಗೆ ಹೊರಟುಬಿಡುವುದು, ಕೇಳಿದ್ದನ್ನೇ ಕೇಳುವುದು, ಸ್ನಾನ-ಬಟ್ಟೆಗೆ ಪ್ರತಿಭಟನೆ. ಕೊನೆಯ ಹಂತದಲ್ಲಿ ಮಾತು ಕೆಲವೇ ಪದಗಳಿಗೆ ಇಳಿಯುತ್ತದೆ, ಹಾಸಿಗೆ ಹಿಡಿಯುತ್ತಾರೆ, ನುಂಗುವುದು ಕಷ್ಟ. ಆಗ ಕಾಣುವುದು ನರಳುವುದು, ಕೂಗುವುದು, ಮುಟ್ಟಿದರೆ ಮುದುಡಿಕೊಳ್ಳುವುದು. ಎಲ್ಲರಿಗೂ ಎಲ್ಲವೂ ಬರುವುದಿಲ್ಲ, ಇದೇ ಕ್ರಮದಲ್ಲೂ ಬರುವುದಿಲ್ಲ. ಆದರೆ ಕಾಯಿಲೆಯ ಉದ್ದಕ್ಕೂ ಇವುಗಳಲ್ಲಿ ಒಂದಾದರೂ ಕಾಣಿಸಿಕೊಳ್ಳದವರು ತೀರಾ ಕಡಿಮೆ. ಇವುಗಳಲ್ಲೆಲ್ಲ ತುಂಬಾ ಸಾಮಾನ್ಯವಾದದ್ದು ಆಸಕ್ತಿ ಹೋಗುವುದು. ಅದಕ್ಕೆ ಯಾರೂ ನನ್ನ ಹತ್ತಿರ ಬರುವುದಿಲ್ಲ. "ಪಾಪ, ಸುಮ್ನೆ ಕೂತಿರ್ತಾರೆ, ಏನೂ ತೊಂದರೆ ಇಲ್ಲ" ಅಂತಾರೆ. ಆ ತೊಂದರೆ ಮನೆಯವರಿಗಿಲ್ಲ, ಅಷ್ಟೇ.

"ಅರವತ್ತಕ್ಕೆ ಅರಳು ಮರಳು" ಅನ್ನುವ ಗಾದೆ ನಮಗೆ ತುಂಬಾ ಕೆಟ್ಟದ್ದು ಮಾಡಿದೆ. ವಯಸ್ಸಾದ ಮಾತ್ರಕ್ಕೆ ಹೀಗಾಗುವುದಿಲ್ಲ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಪ್ರಕಾರ 60 ದಾಟಿದ ಭಾರತೀಯರಲ್ಲಿ ಶೇಕಡಾ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಉಳಿದ ತೊಂಬತ್ತಕ್ಕೂ ಹೆಚ್ಚು ಪಾಲು ಜನರಿಗೆ ಇಲ್ಲ. ಹಾಗೇ ಡಿಮೆನ್ಶಿಯಾ ಅಂದರೆ ಬರೀ ಮರೆವು ಅನ್ನುವುದೂ ತಪ್ಪು. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಡಾಕ್ಟರ್ ಅಲೋಯ್ಸ್ ಆಲ್‌ಝೈಮರ್ ಅವರ ಬಳಿಗೆ ಬಂದ ಆಗುಸ್ಟ್ ಡೀಟರ್ ಎಂಬ ಮಹಿಳೆಯೇ ಈ ಕಾಯಿಲೆಯ ಮೊದಲ ದಾಖಲೆ. ಆಕೆಯಲ್ಲಿ ಮನೆಯವರು ಮೊದಲು ಗಮನಿಸಿದ್ದು ಮರೆವಲ್ಲ, ಗಂಡನ ಮೇಲಿನ ಅನುಮಾನ. ನಿಮ್ಮ ಅತ್ತೆಯ ಅನುಮಾನ ಈ ಕಾಯಿಲೆಯಷ್ಟೇ ಹಳೆಯದು.

ಮಾಟದ ಬಗ್ಗೆ ಒಂದೇ ಮಾತು. ದೇವಸ್ಥಾನಕ್ಕೆ ಹೋಗಿ, ಹರಕೆ ಕಟ್ಟಿ, ಅದರಿಂದ ನಿಮಗೆ ಸಮಾಧಾನ ಸಿಕ್ಕರೆ ನನ್ನ ಅಡ್ಡಿಯಿಲ್ಲ. ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು, ಮಾತ್ರೆ ಬಿಡಿಸುವುದು, ಇಷ್ಟಕ್ಕೆ ಮಾತ್ರ ಒಪ್ಪಬೇಡಿ.

ಈಗ ಕಳ್ಳತನದ ಆರೋಪ. ಬೇಕಂತಲೇ ಮಾಡ್ತಿದ್ದಾರಾ ಅಂದರೆ, ಇಲ್ಲ. ಬೇಕಂತ ಒಂದು ಸುಳ್ಳು ಕಟ್ಟಿ, ನಿನ್ನೆ ಹೇಳಿದ್ದು ನೆನಪಿಟ್ಟುಕೊಂಡು, ಇವತ್ತು ಅದನ್ನೇ ಮುಂದುವರಿಸುವುದಕ್ಕೆ ಚೆನ್ನಾಗಿ ಕೆಲಸ ಮಾಡುವ ಮಿದುಳು ಬೇಕು. ನಡೆಯುವುದು ಹೀಗೆ. ಬೆಲೆಬಾಳುವ ವಸ್ತು ಅಂತ ಸರವನ್ನು ಎಲ್ಲೋ ಭದ್ರವಾಗಿ ಇಡುತ್ತಾರೆ. ಹೊಸ ನೆನಪು ಹಿಡಿದಿಡುವ ಹಿಪೊಕ್ಯಾಂಪಸ್ ಎಂಬ ಭಾಗ ಮೊದಲೇ ಕೆಟ್ಟಿರುವುದರಿಂದ, ಇಟ್ಟ ಗಳಿಗೆಯೇ ನೆನಪಿನಲ್ಲಿ ದಾಖಲಾಗಿಲ್ಲ. ಇಟ್ಟಿದ್ದೇ ಗೊತ್ತಿಲ್ಲ, ಆದರೆ ಸರ ಇಲ್ಲ ಅನ್ನುವುದು ಕಣ್ಣೆದುರಿನ ಸತ್ಯ. ಹಾಗಾದರೆ ಯಾರೋ ತೆಗೆದಿರಬೇಕು, ಅಲ್ವಾ? ಮನೆಯಲ್ಲಿ ದಿನವಿಡೀ ಇರುವವರು ಯಾರು? ನೀವು. ಹೆಚ್ಚು ಸೇವೆ ಮಾಡುವವರ ಮೇಲೇ ಹೆಚ್ಚು ಆರೋಪ ಬರುವುದು ಹೀಗೆ. ದೂರದಲ್ಲಿರುವ ಮಗಳ ಮೇಲೆ ಬರಲ್ಲ, ಅವಳು ಅಲ್ಲಿಲ್ಲ.

"ನಾನು ತೆಗೆದಿಲ್ಲ" ಅಂತ ವಾದ ಮಾಡಿದರೆ ಗೆಲ್ಲಲಾಗುವುದಿಲ್ಲ. ನಿಮ್ಮ ಮಾತು ಮರೆತುಹೋಗುತ್ತದೆ, ಜಗಳದ ಕಹಿ ಮಾತ್ರ ಗಂಟೆಗಟ್ಟಲೆ ಉಳಿಯುತ್ತದೆ. "ಅಯ್ಯೋ, ಸರ ಕಾಣ್ತಿಲ್ವಾ ಅತ್ತೆ? ಬನ್ನಿ, ಇಬ್ಬರೂ ಹುಡುಕೋಣ" ಅನ್ನಿ. ಹುಡುಕುವಾಗ ಅವರ ಕೈಗೇ ಸಿಗುವ ಹಾಗೆ ಮಾಡಿ, ನೀವು ತೆಗೆದು ಕೊಡಬೇಡಿ. ಕೊಟ್ಟರೆ "ಕದ್ದವಳಿಗೇ ಗೊತ್ತು" ಅಂತ ಆಗುತ್ತದೆ. ಅವರು ಮುಚ್ಚಿಡುವ ಜಾಗಗಳನ್ನು ಗುರುತು ಮಾಡಿಕೊಳ್ಳಿ. ದಿಂಬಿನ ಕವರ್, ಅಕ್ಕಿ ಡಬ್ಬ, ಸೀರೆ ಮಡಿಕೆ, ದೇವರ ಮನೆಯ ಬಟ್ಟಲು. ಜಾಗ ಹೆಚ್ಚಾಗಿ ಅವೇ ಇರುತ್ತವೆ. ಬಂಗಾರದ ಸರವನ್ನು ಯಜಮಾನರೂ ನಾದಿನಿಯೂ ಎದುರಿಗಿರುವಾಗ ಫೋಟೋ ತೆಗೆದು ಬ್ಯಾಂಕ್ ಲಾಕರಿಗೆ ಹಾಕಿ. ಅದೇ ಮಾದರಿಯ ಒಂದು ಗ್ರಾಂ ಗೋಲ್ಡ್ ಸರ ಎರಡು ತಂದಿಟ್ಟುಕೊಳ್ಳಿ. ಒಂದು ಕಳೆದರೆ ಇನ್ನೊಂದು. ಇದು ಮೋಸ ಅಂತ ಕೆಲವರಿಗೆ ಅನಿಸುತ್ತದೆ. ನನಗೆ ಹಾಗನಿಸುವುದಿಲ್ಲ. ಅವರಿಗೆ ಬೇಕಿರುವುದು ಕುತ್ತಿಗೆ ಮುಟ್ಟಿಕೊಂಡಾಗ ಕೈಗೆ ಸಿಗುವ ಸರ, ಅದರ ತೂಕ ಅಲ್ಲ. ಅಕ್ಕಪಕ್ಕದ ನಾಲ್ಕು ಮನೆಗೆ ಕಾಯಿಲೆಯ ಹೆಸರು ಹೇಳಿಬಿಡಿ. ಮುಚ್ಚಿಟ್ಟಷ್ಟೂ ನಿಮಗೇ ಕಷ್ಟ.

ಸಂಜೆ ಐದೂವರೆಯ ಗಂಟಿಗೆ ಬರೋಣ. ಸಂಜೆಯಾದಂತೆ ಚಡಪಡಿಕೆ ಏರುವುದು ಈ ಕಾಯಿಲೆಯಲ್ಲಿ ತುಂಬಾ ಕಾಣುತ್ತದೆ. ಮಿದುಳಿನೊಳಗಿನ ಹಗಲು-ರಾತ್ರಿಯ ಗಡಿಯಾರ ಹಾಳಾಗಿರುತ್ತದೆ. ದಿನದ ಸುಸ್ತು ಸೇರಿರುತ್ತದೆ. ಮಬ್ಬು ಬೆಳಕಿನಲ್ಲಿ ನೆರಳುಗಳು ಮನುಷ್ಯರ ಹಾಗೆ ಕಾಣುತ್ತವೆ. ಆದರೆ ನಿಮ್ಮ ಅತ್ತೆಯ ಸಂಜೆಗೆ ಇನ್ನೊಂದು ಕಾರಣವೂ ಇದೆ, ಅದನ್ನು ಅವರೇ ಹೇಳುತ್ತಿದ್ದಾರೆ. ಐವತ್ತು-ಅರವತ್ತು ವರ್ಷ ಆ ಹೊತ್ತಿಗೆ ಅವರ ಕೈಗೆ ಕೆಲಸ ಇತ್ತು. ದನ ಬರುವ ಹೊತ್ತು, ಹಾಲು ಕರೆಯುವ ಹೊತ್ತು, ದೀಪ ಹಚ್ಚುವ ಹೊತ್ತು. ನೆನಪು ಹೋದರೂ ಮೈಗೆ ಆ ಹೊತ್ತು ಗೊತ್ತು. ಶಿವಮೊಗ್ಗದ ಮನೆಯಲ್ಲಿ ಅದೇ ಹೊತ್ತಿಗೆ ಅವರನ್ನು ಟಿ.ವಿ. ಮುಂದೆ ಕೂರಿಸಿದರೆ ಮೈ ಸುಮ್ಮನಿರುವುದಿಲ್ಲ.

"ಇದೇ ನಿಮ್ಮ ಮನೆ, ದನ ಮಾರಿ ಹತ್ತು ವರ್ಷ ಆಯ್ತು" ಅನ್ನಬೇಡಿ. ಅದು ನಿಜ, ಆದರೆ ಆ ಕ್ಷಣಕ್ಕೆ ಉಪಯೋಗವಿಲ್ಲದ ನಿಜ. "ಎಷ್ಟು ಹಾಲು ಕೊಡುತ್ತಿತ್ತು ಅತ್ತೆ ಆ ಹಸು? ಹೆಸರೇನಿತ್ತು?" ಅಂತ ಕೇಳಿ. ಐದಕ್ಕೇ ಎಲ್ಲ ಲೈಟ್ ಹಾಕಿಬಿಡಿ. ಐದು ಕಾಲಿಗೆ ಏನಾದರೂ ತಿನ್ನಲು ಕೊಡಿ, ಹಸಿವೂ ಚಡಪಡಿಕೆಯಾಗಿ ಬರುತ್ತದೆ. ಆಮೇಲೆ ಕೈಗೆ ಒಂದು ಕೆಲಸ ಕೊಡಿ. ಬತ್ತಿ ಹೊಸೆಯುವುದು, ಅವರೆಕಾಳು ಬಿಡಿಸುವುದು, ಹೂ ಕಟ್ಟುವುದು, ಒಗೆದ ಟವೆಲ್ ಮಡಿಸುವುದು. ಸರಿಯಾಗಿ ಮಾಡದಿದ್ದರೂ ಪರವಾಗಿಲ್ಲ. ಆದರೂ ಹೊರಟರೆ ಜೊತೆಗೆ ಹೋಗಿ ಒಂದು ಸುತ್ತು ಹಾಕಿ ಬನ್ನಿ. ಹೆಚ್ಚಿನವರು ತಿರುಗಿ ಬರುವಾಗ "ಮನೆ ಬಂತು" ಅಂದುಕೊಂಡೇ ಒಳಗೆ ಬರುತ್ತಾರೆ. ಹಗಲು ನಿದ್ದೆ ಅರ್ಧ ಗಂಟೆ ಸಾಕು, ಬೆಳಗಿನ ಬಿಸಿಲಿನಲ್ಲಿ ಸ್ವಲ್ಪ ಕೂರಿಸಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಮಲೆನಾಡಿನವರಿಗೆ ಇದನ್ನು ಹೇಳುವುದು ಕಷ್ಟ ಅಂತ ಗೊತ್ತು.

ಬಾಗಿಲಿಗೆ ಬೀಗ ಹಾಕಿ ಒಳಗೆ ಒಬ್ಬರನ್ನೇ ಬಿಟ್ಟು ಹೋಗಬೇಡಿ. ಚಿಲಕವನ್ನು ಕಣ್ಣಿಗೆ ಬೀಳದಷ್ಟು ಮೇಲೆ ಅಥವಾ ಕೆಳಗೆ ಹಾಕಿಸಿ, ಬಾಗಿಲಿಗೆ ಗೆಜ್ಜೆ ಕಟ್ಟಿ. ರವಿಕೆಯ ಒಳಗೆ ನಿಮ್ಮ ಫೋನ್ ನಂಬರ್ ಹೊಲಿದಿರಲಿ. ಈಗಿನ ಒಂದು ಫೋಟೋ ಮೊಬೈಲಿನಲ್ಲಿರಲಿ. ಮಂಚಕ್ಕೋ ಕುರ್ಚಿಗೋ ಕಟ್ಟುವುದಂತೂ ಬೇಡವೇ ಬೇಡ. ಕಟ್ಟಿದರೆ ಗಲಾಟೆ ಇಮ್ಮಡಿಯಾಗುತ್ತದೆ, ಗಾಯವೂ ಆಗುತ್ತದೆ.

ಸ್ನಾನದ ಹೊಡೆತವನ್ನು ಅತ್ತೆಯ ಜಾಗದಲ್ಲಿ ನಿಂತು ನೋಡಿ. ಟೈಲ್ಸ್ ಹಾಕಿದ ಸಣ್ಣ ಕೋಣೆ. ಯಾರೋ ಹೆಂಗಸು ಬಂದು ಸೆರಗಿಗೆ ಕೈ ಹಾಕುತ್ತಾಳೆ. ಆ ಹೊತ್ತಿಗೆ ನೀವು ಸೊಸೆ ಅನ್ನುವುದೇ ಅವರಿಗೆ ಗೊತ್ತಿರದೇ ಇರಬಹುದು. ಚಳಿ. ಮೇಲಿಂದ ಶವರ್ ನೀರು ದಿಢೀರ್ ಅಂತ ತಲೆಗೆ ಬೀಳುತ್ತದೆ. ಯಾರಾದರೂ ಹೊಡೆದೇ ಹೊಡೀತಾರೆ. ಅದು ಸಿಟ್ಟಲ್ಲ, ಹೆದರಿಕೆ. ಶವರ್ ಬಿಡಿ. ಬಕೆಟ್‌ನಲ್ಲಿ ಬಿಸಿನೀರು, ಪ್ಲಾಸ್ಟಿಕ್ ಮಗ್ ಬದಲು ಅವರಿಗೆ ಗೊತ್ತಿರುವ ತಂಬಿಗೆ ಇಡಿ. ಸ್ಟೂಲ್ ಮೇಲೆ ಕೂರಿಸಿ. ಹಳೆಯ ಸೀರೆಯನ್ನೋ ಟವೆಲನ್ನೋ ಮೈಮೇಲೆ ಹೊದಿಸಿಯೇ ನೀರು ಹಾಕಿ, ಪೂರ್ತಿ ಬಟ್ಟೆ ಬಿಚ್ಚುವ ಅಗತ್ಯವಿಲ್ಲ. ಮೊದಲು ತಂಬಿಗೆಯನ್ನು ಅವರ ಕೈಗೇ ಕೊಟ್ಟು ಕಾಲಿಗೆ ನೀರು ಹಾಕಿಕೊಳ್ಳಲು ಹೇಳಿ. ಪಾದ, ಮೊಣಕಾಲು, ಕೈ, ಬೆನ್ನು. ತಲೆ ಕೊನೆಗೆ, ಅದೂ ವಾರಕ್ಕೊಂದು ಸಲ. ಮುಂದೇನು ಮಾಡುತ್ತೀರಿ ಅಂತ ಒಂದೊಂದೇ ಸಣ್ಣ ಮಾತಿನಲ್ಲಿ ಹೇಳುತ್ತಾ ಇರಿ. ಬೇಡ ಅಂದರೆ ಬಿಟ್ಟುಬಿಡಿ, ಅರ್ಧ ಗಂಟೆ ಬಿಟ್ಟು ಕೇಳಿ. ದಿನಾ ಸ್ನಾನ ಆಗಲೇಬೇಕು ಅನ್ನುವ ಹಟ ನಮ್ಮದು, ಅವರ ಆರೋಗ್ಯಕ್ಕೆ ವಾರಕ್ಕೆ ಎರಡು-ಮೂರು ಸಲ ಸಾಕು. ಉಳಿದ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿ.

ಹೊಡೆಯುವುದು ಒಂದು ಕೈ ಎತ್ತಿಸಿದಾಗ ಅಥವಾ ಒಂದು ಕಡೆ ತಿರುಗಿಸಿದಾಗ ಮಾತ್ರವಾ ಅಂತ ಗಮನಿಸಿ. ಹಾಗಿದ್ದರೆ ಭುಜ, ಸೊಂಟ, ಮಂಡಿಯಲ್ಲಿ ನೋವಿರಬಹುದು. ಈಗ ಬಿದ್ದಿರುವುದರಿಂದ ಇನ್ನೂ ಹೆಚ್ಚು ಅನುಮಾನ ಬೇಕು. 2011ರಲ್ಲಿ ನಾರ್ವೆಯ 18 ವೃದ್ಧಾಶ್ರಮಗಳಲ್ಲಿ, ಡಿಮೆನ್ಶಿಯಾ ಇದ್ದು ಗಲಾಟೆ ಮಾಡುತ್ತಿದ್ದ 352 ಜನರ ಮೇಲೆ ನಡೆದ ಒಂದು ಅಧ್ಯಯನ ಪ್ರಕಟವಾಯಿತು. ಒಂದು ಗುಂಪಿಗೆ ಎಂಟು ವಾರ ಕ್ರಮವಾಗಿ ನೋವಿನ ಚಿಕಿತ್ಸೆ ಕೊಟ್ಟರು. ಅವರಲ್ಲಿ ಹೆಚ್ಚಿನವರಿಗೆ ಕೊಟ್ಟದ್ದು ಬರೀ ಪ್ಯಾರಾಸಿಟಮಾಲ್. ಗಲಾಟೆ ಗಣನೀಯವಾಗಿ ಇಳಿಯಿತು. ನಿದ್ದೆ ಮಾತ್ರೆ ಕೇಳುವ ಮೊದಲು ಡಾಕ್ಟರಿಗೆ "ನೋವಿದೆಯಾ ನೋಡಿ" ಅಂತ ಕೇಳಿ.

ಕನ್ನಡಿಯ ಅಜ್ಜಿಯನ್ನು ಏನು ಮಾಡುವುದು? ಮಾತಾಡಿ ನಗುತ್ತಿದ್ದರೆ ಹಾಗೇ ಬಿಡಿ. ಅವರಿಗೆ ಒಬ್ಬ ಗೆಳತಿ ಸಿಕ್ಕಿದ್ದಾಳೆ. ಹೆದರಿದರೆ ಅಥವಾ ಬೈದಾಡಿದರೆ ಕನ್ನಡಿಗೆ ಬಟ್ಟೆ ಹೊದಿಸಿ. ಕಾಣುವ ಪ್ರತಿ ಲಕ್ಷಣಕ್ಕೂ ಚಿಕಿತ್ಸೆ ಬೇಕಿಲ್ಲ. ಯಾರಿಗೆ ತೊಂದರೆ ಆಗುತ್ತಿದೆ ಅನ್ನುವುದನ್ನು ಮೊದಲು ನೋಡಬೇಕು. ಕಣ್ಣಿನ ಪೊರೆ, ಕಿವಿಯ ಗುಗ್ಗೆ ಇದೆಯಾ ಅಂತಲೂ ತೋರಿಸಿ. ಸರಿಯಾಗಿ ಕಾಣದೆ, ಕೇಳದೆ ಹುಟ್ಟುವ ಅನುಮಾನ ಕಡಿಮೆಯೇನಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಅವರಿಗೋ ನಿಮಗೋ ಪೆಟ್ಟಾಗುವಷ್ಟು ಗಲಾಟೆ ಇದ್ದರೆ, ಭಯದಿಂದ ಊಟ-ನಿದ್ದೆ ಬಿಟ್ಟರೆ, ಆಗ ರಿಸ್ಪೆರಿಡೋನ್ ಥರದ ಔಷಧಿಗೆ ಜಾಗ ಇದೆ. ನಾನೂ ಬರೆಯುತ್ತೇನೆ. ಆದರೆ ಲೆಕ್ಕ ಗೊತ್ತಿರಲಿ. ಡಿಮೆನ್ಶಿಯಾ ಇರುವ ಹಿರಿಯರ ಮೇಲೆ ನಡೆದ ಇಂಥ ಔಷಧಿಗಳ ಪ್ರಯೋಗಗಳಲ್ಲಿ, ಸುಮಾರು ಹತ್ತು ವಾರದಲ್ಲಿ, ಔಷಧಿ ಪಡೆದವರಲ್ಲಿ ಶೇಕಡಾ 4.5ರಷ್ಟು ಜನ ಸತ್ತರೆ, ಬರೀ ಖಾಲಿ ಮಾತ್ರೆ ಪಡೆದವರಲ್ಲಿ ಸತ್ತವರು ಶೇಕಡಾ 2.6. ಅದಕ್ಕೇ 2005ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧಿಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. ಪಾರ್ಶ್ವವಾಯು, ಬೀಳುವುದು, ಬಿಗಿತದ ಅಪಾಯವೂ ಇದೆ. ಎಲ್ಲದಕ್ಕೂ ಇದು ಕೆಲಸ ಮಾಡುವುದೂ ಇಲ್ಲ. ಹೊರಗೆ ಹೊರಟುಬಿಡುವುದು, ಕೇಳಿದ್ದನ್ನೇ ಕೇಳುವುದು, ವಸ್ತು ಮುಚ್ಚಿಡುವುದು, ಇವಕ್ಕೆ ಈ ಮಾತ್ರೆಯಿಂದ ಸಿಗುವುದು ಬರೀ ತೂಕಡಿಕೆ. ಕೊಟ್ಟರೆ ಸಣ್ಣ ಡೋಸ್, ನಾಲ್ಕು ವಾರದಲ್ಲಿ ಗುಣ ಕಾಣದಿದ್ದರೆ ಇಳಿಸಿ ಬಿಡಬೇಕು. ಗುಣ ಕಂಡರೂ ನಾಲ್ಕು ತಿಂಗಳ ಒಳಗೆ ಇಳಿಸಿ ನೋಡಬೇಕು. ವರ್ಷಗಟ್ಟಲೆ ಹಳೆ ಚೀಟಿ ತೋರಿಸಿ ಅದೇ ಮಾತ್ರೆ ತರುವ ಮನೆಗಳು ಬೇಕಾದಷ್ಟಿವೆ. ಅತ್ತೆ ಬೇಜಾರಿನಲ್ಲಿ ಅಳುತ್ತಿದ್ದರೆ ಖಿನ್ನತೆಯ ಕಡೆಯಿಂದ ನೋಡಬೇಕಾಗುತ್ತದೆ. ಮೆಮಾಂಟಿನ್ ಎಂಬ ಇನ್ನೊಂದು ಡಿಮೆನ್ಶಿಯಾ ಮಾತ್ರೆ ಕೆಲವರಿಗೆ ಸ್ವಲ್ಪ ನೆರವಾಗುತ್ತದೆ. ಡೊನೆಪೆಜಿಲ್ 10ರಿಂದ 5ಕ್ಕೆ ಇಳಿಸಿದರೆ ಮೂತ್ರದ ಆತುರ ತಾನೇ ಕಡಿಮೆಯಾಗಬಹುದು. ಡಾಕ್ಟರ್ ಹತ್ತಿರ ಈ ಮಾತನ್ನು ನೀವೇ ಎತ್ತಿ.

ನಾದಿನಿಯ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಹತ್ತು ನಿಮಿಷ "ಊಟ ಆಯ್ತಾ, ಮಳೆ ಹೇಗಿದೆ, ಮಕ್ಕಳು ಓದ್ತಿದ್ದಾರಾ" ಅನ್ನುವುದು ಬಾಯಿಪಾಠದ ಮಾತು. ನಡುವಿನ ಹಂತದಲ್ಲೂ ಅದು ಚೆನ್ನಾಗೇ ಬರುತ್ತದೆ. ಡಾಕ್ಟರ್ ಮುಂದೆಯೂ ಹೀಗೇ ಹುಷಾರಾಗಿ ಕೂರುತ್ತಾರೆ, ಮನೆಯವರಿಗೆ ನಾಚಿಕೆಯಾಗುವಷ್ಟು. ನಾದಿನಿ ಜೊತೆ ಜಗಳ ಬೇಡ. ಒಂದು ಶುಕ್ರವಾರ ಸಂಜೆ ನಾಲ್ಕಕ್ಕೆ ಬಂದು ಭಾನುವಾರ ಬೆಳಿಗ್ಗೆವರೆಗೆ ಇರಲಿ. ಆ ಎರಡು ರಾತ್ರಿ ಅಮ್ಮನ ಕೋಣೆಯಲ್ಲೇ ಮಲಗಲಿ, ಶನಿವಾರದ ಸ್ನಾನ ಅವರೇ ಮಾಡಿಸಲಿ. ನೀವು ಅವತ್ತು ತವರಿಗೆ ಹೋಗಿ. ಡಾಕ್ಟರ್ ಭೇಟಿಗೂ ಅವರನ್ನು ಕರೆದುಕೊಂಡೇ ಹೋಗಿ.

ಯಜಮಾನರ ಬಗ್ಗೆ ನೀವು ಪತ್ರದಲ್ಲಿ ಒಂದು ಮಾತೂ ಬರೆದಿಲ್ಲ. ಸಂಜೆಯ ಸುತ್ತಾಟ ಅವರ ಪಾಲಿಗಿರಲಿ. ಮಗ ಜೊತೆಗೆ ಬಂದರೆ ಎಷ್ಟೋ ತಾಯಂದಿರು ಸುಲಭವಾಗಿ ಮಾತು ಕೇಳುತ್ತಾರೆ. ನಿಮಗೇ ನಿದ್ದೆ ಬಾರದೆ, ಅತ್ತೆಯ ಮೇಲೆ ಕೈ ಎತ್ತಿಬಿಡುತ್ತೀನೇನೋ ಅನಿಸಿದರೆ ಪಕ್ಕದ ಕೋಣೆಗೆ ಹೋಗಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಹಿರಿಯರಿಗೆ ಸಿಗುವ ಸೌಲಭ್ಯಗಳ ಮಾಹಿತಿಗೆ ಎಲ್ಡರ್ ಲೈನ್ 14567 ಇದೆ. ರೋಗನಿರ್ಣಯದ ಬಗ್ಗೆಯೇ ಅನುಮಾನ ಉಳಿದರೆ, ಅದರಲ್ಲೂ ಲೂಯಿ ಬಾಡಿಯ ಪ್ರಶ್ನೆಗಳಿಗೆ ಹೌದು ಅಂತ ಉತ್ತರ ಬಂದರೆ, ಬೆಂಗಳೂರಿನ ನಿಮ್ಹಾನ್ಸ್‌ಗೆ ಒಮ್ಮೆ ಹೋಗಿ ಬರುವುದು ಒಳ್ಳೆಯದು. ಅಲ್ಲಿಗೂ ಆ ಮಾತ್ರೆಯ ಚೀಲ ತಗೊಂಡೇ ಹೋಗಿ. ಯಾವುದು ಯಾವ ತಾರೀಕಿಗೆ ಶುರುವಾಯಿತು ಅಂತ ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ.